ಅಪ್ಪನಿಗೆ ಕೇಳದ ಸದ್ದು

ಗಣಪತಿ ಬಡಾವಣೆ, ಕೊಯಮತ್ತೂರು
ನವೆಂಬರ್ 19, 2024

ಮುದ್ದಿನ ಸುಪ್ರೀತಾ,

ನಿನ್ನ ಕೆಮ್ಮು ಹೋಯಿತೇ? ಶಿಲ್ಲಾಂಗಿನ ಚಳಿಗೆ ಸ್ವೆಟರ್ ಒಂದೇ ಸಾಲದು, ಕಿವಿ ಮುಚ್ಚುವಂತೆ ತಲೆಗೂ ಕಟ್ಟಿಕೋ. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಿಸಿಬಿಸಿ ಏನಾದರೂ ಉಂಡೇ ಮಲಗು ತಾಯಿ. ನಾವು ಆರೋಗ್ಯವಾಗಿದ್ದೇವೆ. ಆದರೆ ನನ್ನ ಮನಸ್ಸು ಮಾತ್ರ ನಿಂತಲ್ಲಿ ನಿಲ್ಲುತ್ತಿಲ್ಲ.

ಅಪ್ಪನ ಜೊತೆ ಮಿಲ್ಲಿನಲ್ಲಿದ್ದ ಕಲೈಸೆಲ್ವಿ ವೆಳ್ಳಕೋಯಿಲಿನಲ್ಲಿ ಮನೆ ಕಟ್ಟಿಸಿದ್ದಾಳೆ. ಗೃಹಪ್ರವೇಶಕ್ಕೆ ಕಾರಿನಲ್ಲೇ ಹೋಗಿದ್ದೆವು. ಹಿಂದಿರುಗುವಾಗ ಎಡಕ್ಕೆ ತಿರುಗಿದಾಗಲೆಲ್ಲ ಮುಂದಿನ ಚಕ್ರದ ಕಡೆಯಿಂದ ಟಕ್ ಟಕ್ ಟಕ್, ಯಾರೋ ಅಡಿಕೆ ಕತ್ತರಿಸಿದ ಹಾಗೆ. ಹೇಳಿದರೆ ನಿನ್ನಪ್ಪ, "ಎಂಥಾ ಸದ್ದೂ ಇಲ್ಲ ಚಂದ್ರಾ, ನಿಂಗೆ ಎಲ್ಲದಕ್ಕೂ ಗಾಬರಿ" ಎಂದು ಇನ್ನೂ ಜೋರಾಗಿ ಓಡಿಸಿದರು. ದಾರಿಯುದ್ದಕ್ಕೂ ಬಾಗಿಲಿನ ಹಿಡಿ ಹಿಡಿದೇ ಕೂತಿದ್ದೆ. ಮನೆಗೆ ಬಂದ ಮೇಲೂ ಅಡುಗೆಮನೆಗೂ ಬಾಲ್ಕನಿಗೂ ತಿರುಗಿದ್ದೇ ತಿರುಗಿದ್ದು. ಬಗ್ಗಿ ಬಗ್ಗಿ ಕೆಳಗೆ ನಿಂತ ಕಾರನ್ನೇ ನೋಡುತ್ತಿದ್ದೆ.

ಕೊನೆಗೆ ನಿನ್ನೆ ಹಟ ಮಾಡಿ ಮೆಕ್ಯಾನಿಕ್ ವೆಲ್ಲಿಂಗಿರಿಯ ಶೆಡ್ಡಿಗೆ ಕರೆದೊಯ್ದೆ. ಅವನ ಮನೆಮಾತೂ ಕನ್ನಡವೇ, ಅರ್ಧ ತಮಿಳು ಬೆರೆಸಿ ಆಡುತ್ತಾನೆ. "ಸಾರ್, ವಂಡಿನ ಎಡಗಡೆ ಫುಲ್ಲಾ ತಿರುಗ್ಸಿ ಮೆಲ್ಲ ಓಡ್ಸುಂಗ" ಎಂದು ಗಾಡಿಯನ್ನು ಎಡಕ್ಕೆ ಪೂರ್ತಿ ತಿರುಗಿಸಿ ಓಡಿಸಲು ಹೇಳಿದ. ನಿಂತಲ್ಲೇ ತಿರುಗಿಸಿದರೆ ಸದ್ದಿಲ್ಲ, ಚಕ್ರ ಉರುಳಿದೊಡನೆ ಶುರು. ಬಗ್ಗಿ ನೋಡಿ, "ಸ್ಟೀರಿಂಗ್ ನಲ್ಲಾ ಇದೆ ಅಮ್ಮಾ, ಅದಕ್ಕೇನೂ ಆಗಿಲ್ಲ. ಬಲಗಡೆ ಆಕ್ಸಲ್ ಜಾಯಿಂಟು, ಎಡಕ್ಕೆ ತಿರುಗ್ಸಿದ್ರೆ ಭಾರ ಅದ್ರ ಮೇಲೇ. ರಬ್ಬರು ಹರಿದು ಗ್ರೀಸೆಲ್ಲ ಹೋಗಿ ಮಣ್ಣು ಸೇರಿದೆ" ಎಂದ. ಹಾಗೇ ಬಿಟ್ಟಿದ್ದರೆ ನಡುದಾರಿಯಲ್ಲಿ ಮುರಿಯುತ್ತಿತ್ತಂತೆ. ಸಂಜೆಯೊಳಗೆ ಹೊಸದು ಹಾಕಿಕೊಟ್ಟ.

ಆದರೆ ಅದಕ್ಕೂ ಮೊದಲು, ಪರೀಕ್ಷೆಗೆಂದು ಕಾರು ಸುತ್ತು ಹಾಕುವಾಗ, ರಸ್ತೆಯಾಚೆ ಹೂ ಮಾರುವ ಅಂಗಮ್ಮನೂ ಆ ಸದ್ದಿಗೆ ತಿರುಗಿ ನೋಡಿದಳು. ಒಳಗೆ ಕೂತ ನಿನ್ನಪ್ಪ ಮಾತ್ರ ಕಿಟಕಿಯಿಂದ ತಲೆ ಹಾಕಿ, "ಈಗ ಬರ್ತಿದೆಯಾ?" ಎಂದು ಕೇಳಿದರು. ವೆಲ್ಲಿಂಗಿರಿ ನನ್ನ ಮುಖ ನೋಡಿದ. ಬರುವಾಗ ಕಾರನ್ನು ಶೆಡ್ಡಿನಲ್ಲೇ ಬಿಟ್ಟು, ಕೀಲಿ ನಾನೇ ಇಟ್ಟುಕೊಂಡು ಆಟೋ ಹಿಡಿದೆ.

ದೇವರು ನಿನ್ನನ್ನು ತಣ್ಣಗಿಟ್ಟಿರಲಿ. ಹಾಸ್ಟೆಲಿನ ಗೆಳತಿಯರಿಗೆಲ್ಲ ನನ್ನ ಅಕ್ಕರೆ ತಿಳಿಸು.

ನಿನ್ನ ಅಮ್ಮ,
ಚಂದ್ರಮ್ಮ

ಮರೆತೆ: ಬೆಳಿಗ್ಗೆ ಕಾಫಿ ಕೊಟ್ಟಾಗ ತಾವಾಗಿಯೇ ಹೇಳಿದರು, "ಫೋನಲ್ಲಿ ಮಗು ಏನಂತಾಳೋ ಕೇಳೋದೇ ಇಲ್ಲ ಚಂದ್ರಾ. ಅವಳು ನಕ್ಕಂಗಾದ್ರೆ ನಾನೂ ನಗ್ತೀನಿ. ಅವಳಿಗೆ ಹೇಳ್ಬೇಡ." ಕಿವಿ ಡಾಕ್ಟರ ಹತ್ತಿರ ಬರಲು ಒಪ್ಪಿದ್ದಾರೆ. ಅಲ್ಲಿಯವರೆಗೆ ಗೊತ್ತಿಲ್ಲದವಳಂತೆಯೇ ಫೋನ್ ಮಾಡು. ವಿಡಿಯೋದಲ್ಲಿ ಮಾಡು, ಮುಖ ಕಾಣಲಿ. ನಿಧಾನವಾಗಿ ಮಾತಾಡು.