ನಾಲ್ಕು ಆಯ್ಕೆ, ಒಬ್ಬರು ಅತ್ತೆ

ಬಾಗಲಗುಂಟೆ
25-11-2025

ಪ್ರೀತಿಯ ವಿಶ್ರುತ್,

ಕ್ಷೇಮಸಮಾಚಾರ ಆಮೇಲೆ, ಮೊದಲು ನನ್ನ ಸಂಕಟ ಕೇಳು. ಫೋನಿನಲ್ಲಿ ಹೇಳೋಣವೆಂದರೆ ಈ ಎರಡು ಕೋಣೆಯ ಮನೆಯಲ್ಲಿ ನಾನು ಸೀನಿದರೂ ನಿನ್ನ ಅಮ್ಮನಿಗೆ ಕೇಳಿಸುತ್ತದೆ. ಮೆಸೇಜು ಕಳಿಸಿದರೆ ನೀನು ಒಂದು ಹೆಬ್ಬೆರಳು ತೋರಿಸಿ ಸುಮ್ಮನಾಗುತ್ತೀಯ. ಅದಕ್ಕೇ ಈ ಕಾಗದ. ನಿಮ್ಮ ಕಂಪನಿಯ ಮಷೀನು ಕೂರಿಸಲು ರಾಜ್‌ಕೋಟ್‌ಗೆ ಹೋದವನಿಗೆ ಇಷ್ಟನ್ನು ಓದುವ ಪುರುಸೊತ್ತಾದರೂ ಇರಲಿ.

ಹೊರಡುವಾಗ ನೀನು ಏನೆಂದೆ? "ಪುಸ್ತಕ ಮುಟ್ಟದೆ ಬರೀ ಪ್ರಶ್ನೆ ಬಿಡಿಸ್ತಾ ಕೂತ್ರೆ ಕಾಸ್ಟ್ ಅಕೌಂಟೆಂಟ್ ಆಗಲ್ಲ ಕಣೇ" ಅಂದೆ. ಬೆಳಗ್ಗೆ ಪೀಣ್ಯಕ್ಕೆ ಓಡಿ, ಇಡೀ ದಿನ ವೋಚರ್ ಎಂಟ್ರಿ ಮಾಡಿ, ಸಂಜೆ ಬಸ್ಸಿನಲ್ಲಿ ನಲುಗಿ ಬರುವವಳಿಗೆ ಆ ಇಟ್ಟಿಗೆಯಂಥ ಪುಸ್ತಕ ಓದುವ ಶಕ್ತಿ ಎಲ್ಲಿಂದ ಬರಬೇಕು? ಮಾದರಿ ಪ್ರಶ್ನೆಗಳಾದರೆ ಒಂದೊಂದಾಗಿ ಬಿಡಿಸಬಹುದು, ಮಧ್ಯೆ ಕುಕ್ಕರ್ ಕೂಗಿದರೆ ಎದ್ದು ಬರಬಹುದು. ಪರೀಕ್ಷೆ ಮುಂದಿನ ತಿಂಗಳು. ಈ ಸಲ ಪಾಸಾಗದಿದ್ದರೆ ಕಾಸ್ಟಿಂಗ್ ವಿಭಾಗದ ಆ ಜಾಗವನ್ನು ಬೇರೆಯವರಿಗೆ ಕೊಡುತ್ತೇನೆಂದು ನಮ್ಮ ಮ್ಯಾನೇಜರ್ ಸಿದ್ದಲಿಂಗಯ್ಯನವರು ಮುಲಾಜಿಲ್ಲದೆ ಹೇಳಿಬಿಟ್ಟಿದ್ದಾರೆ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಪ್ರಶ್ನೆ ಓದಿ ಹೇಳುವ ಕೆಲಸವನ್ನು ನಿನ್ನ ಅಮ್ಮ ವಹಿಸಿಕೊಂಡಿದ್ದಾರೆ. ಮೊದಮೊದಲು ಸೊಪ್ಪು ಬಿಡಿಸುತ್ತ, ಈಗ ಅವರೆಕಾಯಿ ಬಿಡಿಸುತ್ತ. ಉತ್ತರಗಳಿರುವ ಪುಸ್ತಕ ಅವರ ಮಡಿಲಲ್ಲಿ, ನಾಲ್ಕು ಆಯ್ಕೆ ನನ್ನ ಪಾಲಿಗೆ. "ಅಬ್‌ನಾರ್ಮಲ್ ಲಾಸ್ ಎಲ್ಲಿಗ್ ಹಾಕ್ತೀಯ, ಹೇಳು" ಎಂದು, ಸಾರಿನ ಪುಡಿ ಎಲ್ಲಿಟ್ಟೆ ಅನ್ನುವ ಧಾಟಿಯಲ್ಲಿ ಕೇಳುತ್ತಾರೆ. ನೂರಕ್ಕೆ ಎಂಬತ್ತೈದು, ತೊಂಬತ್ತು ಬರತೊಡಗಿತು. ನಿನ್ನ ಹತ್ತಿರ ನಾನು ಜಂಬ ಕೊಚ್ಚಿಕೊಂಡದ್ದು ಆ ಅಂಕಗಳನ್ನೇ. ಎದುರುಮನೆಯ ಅನುಸೂಯಮ್ಮನ ಪ್ರಕಾರವಂತೂ ನಾನು ಆಗಲೇ ಪಾಸಾಗಿದ್ದೇನೆ, ಅತ್ತೆ ಹೇಳಿಯಾಗಿದೆ.

ಮೊನ್ನೆ ಭಾನುವಾರ ಕೋಚಿಂಗ್ ಸೆಂಟರಿನಲ್ಲಿ ಮಾಕ್ ಟೆಸ್ಟ್ ಬರೆದೆ. ಮೂವತ್ತೊಂದು! ನಗಬೇಡ. ಕಂಪ್ಯೂಟರಿನ ಮುಂದೆ ಕೂತು, ಮೊದಲನೆಯದಿರಬಹುದು ಅಂದುಕೊಂಡು ಸ್ವಲ್ಪ ಕಾದೆ. ಎರಡನೆಯದಿರಬಹುದು ಅಂದುಕೊಂಡು ಮತ್ತೆ ಕಾದೆ. ಯಾತಕ್ಕೆ ಕಾಯುತ್ತಿದ್ದೇನೆ ಎಂದು ಆಗ ಹೊಳೆಯಿತು. ಮನೆಯಲ್ಲಿ ನಾನು ಒಂದೊಂದೇ ಆಯ್ಕೆಯನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತೇನಲ್ಲ, ತಪ್ಪು ಹೇಳಿದರೆ ನಿನ್ನ ಅಮ್ಮನ ಕೈ ತನ್ನ ಪಾಡಿಗೆ ತಾನು ಕಾಯಿ ಬಿಡಿಸುತ್ತಿರುತ್ತದೆ. ಸರಿಯುತ್ತರ ಬಂತೋ, ಕೈ ನಿಲ್ಲುತ್ತದೆ, ಹುಬ್ಬು ಏರುತ್ತದೆ, ನಗು ತಡೆಯಲು ತುಟಿ ಕಚ್ಚಿಕೊಳ್ಳುತ್ತಾರೆ. ಎರಡು ತಿಂಗಳಿಂದ ನಾನು ಕಾಸ್ಟಿಂಗ್ ಕಲಿತೇ ಇಲ್ಲ ಕಣೋ, ನಿನ್ನ ಅಮ್ಮನ ಮುಖ ನೋಡುವುದನ್ನು ಕಲಿತಿದ್ದೇನೆ!

ಒಬ್ಬಳೇ ಓದಿಕೊಳ್ಳುತ್ತೇನೆ ಎಂದು ಹೇಳಿಬಿಡು ಅನ್ನುತ್ತೀಯ. ನೀನೇ ಹೇಳು ನೋಡೋಣ. ಮಾವ ಹೋದಮೇಲೆ ಟೀವಿ ಕೂಡ ಹಾಕದೆ ಗೋಡೆ ನೋಡುತ್ತ ಕೂರುತ್ತಿದ್ದವರು, ಈಗ ನಾನು ಗೇಟು ತೆಗೆದರೆ ಸಾಕು, ಕನ್ನಡಕ ಏರಿಸಿಕೊಂಡು ಪುಸ್ತಕದೊಂದಿಗೆ ತಯಾರಾಗಿರುತ್ತಾರೆ. ಅದನ್ನು ಅವರ ಕೈಯಿಂದ ಕಿತ್ತುಕೊಳ್ಳಲು ನನಗೆ ಮನಸ್ಸಿಲ್ಲ. ಹಾಗಂತ ಫೇಲಾಗಲೂ ಮನಸ್ಸಿಲ್ಲ. ಟೆಸ್ಟ್ ಹೇಗಾಯಿತು ಎಂದು ಕೇಳಿದಾಗ "ಪರವಾಗಿಲ್ಲ" ಅಂದು ತಟ್ಟೆ ಎಳೆದುಕೊಂಡೆ. ಅಲ್ಲಿಂದ ತಲೆ ಕೆಟ್ಟುಹೋಗಿದೆ. ಆಫೀಸಿನಲ್ಲಿ ಸಿಡುಕುತ್ತೇನೆ, ಬಸ್ಸಿನಲ್ಲಿ ಸಿಡುಕುತ್ತೇನೆ, ಮನೆಯಲ್ಲಿ ಮಾತ್ರ ಹಲ್ಲು ಕಿರಿಯುತ್ತ ಕೂರುತ್ತೇನೆ.

ಆದ್ದರಿಂದ ನೀನೇ ಫೋನು ಮಾಡು. ನನ್ನ ಹೆಸರೆತ್ತದೆ, ಭಜನಾ ಮಂಡಳಿಯೋ ಯೋಗವೋ, ಸಂಜೆ ಹೊತ್ತಿನದು ಯಾವುದಕ್ಕಾದರೂ ಅವರನ್ನು ಒಪ್ಪಿಸು. ಅಮ್ಮನಿಗೆ ಬೇಜಾರಾದರೆ ಅದು ನಿನ್ನಿಂದ ಆಗಲಿ, ಮಗನನ್ನಾದರೆ ಬೇಗ ಕ್ಷಮಿಸುತ್ತಾರೆ.

ಸಿಟ್ಟಿನಲ್ಲೂ ನಿನ್ನವಳೇ ಆದ
ಸುಕೃತಿ

ತಾ.ಕ.: ಕಾಗದ ಮಡಚುವಷ್ಟರಲ್ಲಿ ಅತ್ತೆ ಪುಸ್ತಕ ಹಿಡಿದು ಬಂದರು. ಕುರ್ಚಿಯನ್ನು ಆ ಕಡೆಗೆ ತಿರುಗಿಸಿ, ನನಗೆ ಬೆನ್ನು ಹಾಕಿ ಕೂತರು. ಇದೇನತ್ತೆ ಎಂದೆ. "ನೀನ್ ಯೋಚ್ನೆನೇ ಮಾಡಲ್ಲ, ನನ್ನೇ ನೋಡ್ತಿರ್ತೀಯ. ನನ್ ಮುಖಕ್ಕೆ ಸುಳ್ಳ್ ಹೇಳಕ್ ಬರಲ್ಲ ಕಣೇ" ಅಂದರು. ಯಾವಾಗ ಗೊತ್ತಾಯಿತು ಎಂದು ಕೇಳಿದೆ. "ಭಾನ್ವಾರ. ಪರವಾಗಿಲ್ಲ ಅಂದ್ಯಲ್ಲ, ಆಗ ನಿನ್ ಮುಖಕ್ಕೂ ಬರ್ಲಿಲ್ಲ" ಅಂದು ಪುಟ ತಿರುವಿದರು. ಹತ್ತರಲ್ಲಿ ನಾಲ್ಕು ಸರಿಯಾಯಿತು. ನಾಲ್ಕೂ ನನ್ನವೇ. ನೀನು ಫೋನು ಮಾಡಬೇಡ.