ತಾತನ ಕಾಲರಿನ ನಂಬರು

ಸಿಂಚು,

ನಾಳೆ ಮೊದಲ ಶಿಫ್ಟ್, ನೀನು ಏಳುವಷ್ಟರಲ್ಲಿ ನಾನು ಹೊರಟಿರುತ್ತೇನೆ. ತಾತನ ಕಾರ್ಯ ಮುಗಿಯಿತಲ್ಲ, ಅವರ ಶರ್ಟುಗಳನ್ನು ಕುರ್ಚಿಯ ಮೇಲಿಟ್ಟಿದ್ದೇನೆ. ಸಂಜೆ ವೃದ್ಧಾಶ್ರಮದ ನಂಜಯ್ಯನವರು ಬಂದು ತಗೊಂಡು ಹೋಗುತ್ತಾರೆ. ಅಷ್ಟರೊಳಗೆ ಕಾಲರಿನ ಒಳಗೆ ಮಾರ್ಕರಿನಲ್ಲಿ ಬರೆದಿರುವ ನನ್ನ ಫೋನ್ ನಂಬರು ಹೋಗಬೇಕು. ಬರೆಯುವಾಗಲೆಲ್ಲ ತಾತ "ನನ್ನೇನು ಪೋಸ್ಟಿಗೆ ಹಾಕ್ತೀಯೇನೋ?" ಅಂತ ನಗುತ್ತಿದ್ದರು.

ಕಾಲರಿನ ಕೆಳಗೆ ಹಳೆ ಬಟ್ಟೆ ಮಡಚಿ ಇಡು. ಹತ್ತಿಯನ್ನು ಸ್ಯಾನಿಟೈಸರಿನಲ್ಲಿ ಅದ್ದಿ ಒತ್ತು. ಉಜ್ಜಬೇಡ ಕಣಮ್ಮ, ಮಸಿ ಹರಡುತ್ತದೆ. ನಾನು ಒಂದನ್ನು ಹಾಗೇ ಕೆಡಿಸಿದೆ. ಮಸಿ ಕೆಳಗಿನ ಬಟ್ಟೆಗೆ ಇಳಿದ ಮೇಲೆ ಸೋಪು ಹಾಕಿ ಒಗೆ. ಕಿಟಕಿ ತೆರೆದಿರಲಿ, ಒಲೆ ಹತ್ತಿರ ಬೇಡ.

ಬಾಗಿಲ ಮೇಲೆ ನೀನು ಬರೆದಿದ್ದ 'ತಾತ, ಒಬ್ಬರೇ ಹೊರಗೆ ಹೋಗಬೇಡಿ' ಅನ್ನೋದನ್ನು ನಾನೇ ಒರೆಸಿದೆ. ಜೊತೆಗೆ ಸ್ವಲ್ಪ ಬಣ್ಣವೂ ಬಂತು. ಇರಲಿ.

ಹಿಟ್ಟು ಫ್ರಿಜ್ಜಿನಲ್ಲಿದೆ, ಎರಡು ದೋಸೆ ಹಾಕಿಕೊಂಡು ತಿನ್ನು. ನಿನ್ನೆಯ ಹಾಗೆ ಬರೀ ಕಾಫಿ ಕುಡಿದು ಕಾಲೇಜಿಗೆ ಓಡಬೇಡ.

ಆಸ್ಪತ್ರೆಯವರು ಕವರಿನಲ್ಲಿ ಹಾಕಿಕೊಟ್ಟ ನೀಲಿ ಶರ್ಟು ನನ್ನ ಬೀರುವಿನಲ್ಲಿದೆ. ಅದನ್ನು ಮುಟ್ಟಬೇಡ, ಅದರಲ್ಲಿ ಒರೆಸುವುದಕ್ಕೇನೂ ಇಲ್ಲ. ಬೋಗಾದಿ ರಸ್ತೆಯಲ್ಲಿ ಬಿದ್ದಾಗ ತಾತ ಹಾಕಿಕೊಂಡಿದ್ದದ್ದು ಅದೇ. ಮೂರು ದಿನ, ಉಸಿರು ನಿಲ್ಲುವವರೆಗೂ, ಅವರು ಯಾರೆಂದು ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಬಿದ್ದ ದಿನ ಯುಗಾದಿ. ಬೆಳಿಗ್ಗೆ ನಾನು ಮಾರ್ಕರ್ ತೆಗೆದಾಗ "ಹೊಸಾ ಬಟ್ಟೆ ಕಣೋ, ಇವತ್ತೊಂದಿನ ಬುಟ್ಬುಡು" ಅಂದರು.

ಬಿಟ್ಟೆ.

ಅಪ್ಪ