ಡಾಕ್ಟರನ್ನು ಕೂರಿಸಿದ ಇಬು ಸುಪರ್ತಿ

ಇಬು ಸುಪರ್ತಿ,

ಎಲ್ಲರೂ 'ಇಬು', ಅಂದರೆ ಅಮ್ಮ, ಎಂದು ಕರೆಯುತ್ತಿದ್ದ ನೀವು ತೀರಿಕೊಂಡು ತಿಂಗಳಾಯಿತು. ಆದರೂ ಇಂಡೊನೇಷ್ಯಾದ ಸೆಮರಾಂಗಿನ ಆಸ್ಪತ್ರೆಯ ಈ ಡಾಕ್ಟರು ನಿಮಗೊಂದು ವರದಿ ಒಪ್ಪಿಸಬೇಕು.

ಸಂತೆಯಲ್ಲಿ ಸೋಯಾಕಾಳಿನ ತೆಂಪೆ ಮಾರುವ ವಾಗಿನೆಮ್ ಇವತ್ತು ಆಸ್ಪತ್ರೆಗೆ ಬಂದಿದ್ದಳು; ಕ್ಯಾನ್ಸರ್ ಹರಡಿದೆಯೆಂದು ಹೇಳಹೊರಟೆ. ಅವಳು ತಡೆದಳು.

"ಮೊದ್ಲು ಕೂತ್ಕೊಳ್ಳಿ ಡಾಕ್ಟ್ರೇ. ನಿಂತ್ಕೊಂಡು ಹೇಳೋರ ಮಾತಿಗೆ ಸುಮ್ನೆ ತಲೆಯಾಡಿಸ್ಬೇಡ ಅಂದಿದ್ರು ಇಬು ಸುಪರ್ತಿ."

ಕೂತೆ. ನೀವು ಬರೆದುಕೊಟ್ಟಿದ್ದ ಪ್ರಶ್ನೆಗಳ ಚೀಟಿ ತೆಗೆದಳು.

"ಇದು ಗುಣ ಆಗತ್ತೋ, ಬರೀ ತಡೀಬಹುದೋ? ನಿಜ ಹೇಳಿ."

ಹೇಳಿದೆ. ಅತ್ತಳು. ಕಣ್ಣೊರೆಸಿಕೊಂಡು ಮುಂದಿನ ಪ್ರಶ್ನೆ ಕೇಳಿದಳು.

ನಿಮ್ಮದೇ ಕ್ಯಾನ್ಸರ್ ಮೂಳೆಗಿಳಿದ ಮೇಲೂ ಎರಡು ವರ್ಷ ನಮ್ಮ ಆಸ್ಪತ್ರೆಯ ಬೆಂಚಿನಲ್ಲಿ ಕೂತು ಇಂಥ ಎಷ್ಟು ಜನರಿಗೆ ಕೇಳುವ ಧೈರ್ಯ ತುಂಬಿದಿರಿ! "ಈ ಕೆಲ್ಸ ಸಿಕ್ಮೇಲೆ ಯಾವಾಗ ಬೆಳಗಾಗತ್ತೋ ಅಂತ ಕಾಯ್ತೀನಿ" ಅನ್ನುತ್ತಿದ್ದಿರಿ.

ನಿಮ್ಮ ರೋಗದ ವಿಷಯ ತಿಳಿಸಿದ ದಿನ ನಾನು ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ನಿಂತಿದ್ದೆ. ನೀವು ಒಂದು ಪ್ರಶ್ನೆಯನ್ನೂ ಕೇಳದೆ "ಆಯ್ತು ಡಾಕ್ಟ್ರೇ" ಅಂದು ಹೋದಿರಿ.